ಸಾಲ ತೀರಿತು, ಇನ್ನು ಮನೆಯ ಬಾಕಿ

ಪ್ರಶ್ನೆ: ನಾವು ಸಾಗರದವರು. 2008ರಲ್ಲಿ ಹತ್ತು ಲಕ್ಷ ರೂಪಾಯಿ ಗೃಹಸಾಲ ಪಡೆದು ಜಂಬಿಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿಯ ಮನೆ ಕಟ್ಟಿಸಿದೆವು. ಇಪ್ಪತ್ತು ವರ್ಷದ ಆ ಸಾಲವೂ ನಮ್ಮ ಯಜಮಾನರ ಕಚೇರಿಯ ಸಹಕಾರ ಸಂಘದ ಸಾಲವೂ ಕಳೆದ ತಿಂಗಳು, ನವೆಂಬರಿನಲ್ಲಿ, ಪೂರ್ತಿ ತೀರಿದವು. ಎರಡೂ ಕಂತು ಸೇರಿ ತಿಂಗಳಿಗೆ 15,000 ರೂಪಾಯಿ ಈಗ ಕೈಯಲ್ಲಿ ಉಳಿಯುತ್ತದೆ. ಅವರ ಸಂಬಳ ಮತ್ತು ನನ್ನ ಹೊಲಿಗೆಯ ಆದಾಯ ಸೇರಿ ಸುಮಾರು 54,000. ಉಳಿತಾಯ ಖಾತೆಯಲ್ಲಿ 85,000 ಇದೆ. ಮಗಳು ದ್ವಿತೀಯ ಪಿಯುಸಿ, ಮಗ ಎಂಟನೆಯ ತರಗತಿ. ಮನೆ ಸೋರುತ್ತಿದೆ: ಹಾಲಿನ ಸೂರಿನ ಮೂಲೆಯಲ್ಲಿ ಕಲೆ, ಹಿಂಬದಿಯ ಸಜ್ಜಾದಿಂದ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದೆ, ಬಚ್ಚಲಿನ ಪಕ್ಕದ ಕೋಣೆಯ ಗೋಡೆ ಪುಡಿಪುಡಿಯಾಗಿ ಉದುರುತ್ತದೆ, ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತದೆ. ಗುತ್ತಿಗೆದಾರರೊಬ್ಬರು ಬಣ್ಣ, ಟೈಲ್ಸ್, ಅಡುಗೆಮನೆ ಎಲ್ಲ ಸೇರಿ ನಾಲ್ಕು ಲಕ್ಷ ಎಂದಿದ್ದಾರೆ. ಮೈದುನ ಮತ್ತೆ ಸಾಲ ಮಾಡಿ ಮೇಲೊಂದು ಅಂತಸ್ತು ಕಟ್ಟಿ ಬಾಡಿಗೆಗೆ ಕೊಡಿ ಎನ್ನುತ್ತಾರೆ. ಪರಿಚಯದ ಪತ್ತಿನ ಸಂಘವೊಂದು ಠೇವಣಿಗೆ ಹೆಚ್ಚು ಬಡ್ಡಿ ಕೊಡುತ್ತದಂತೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಹದಿನೇಳು ವರ್ಷ ಕಂತು ಕಟ್ಟಿ, ಅವಧಿಗಿಂತ ಮೊದಲೇ ಸಾಲ ತೀರಿಸಿದ ನಿಮಗಿಬ್ಬರಿಗೂ ಮನಸಾರೆ ಅಭಿನಂದನೆ. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ, ಸಾಲ ತೀರಿದ ಮನೆಗಳನ್ನೂ ನೋಡಿದ್ದೇನೆ. ಅವುಗಳಲ್ಲಿ ಬಹುಪಾಲು ನಿಮ್ಮ ಮನೆಯಂತೆಯೇ ಇರುತ್ತವೆ. ಕಂತು ಕಟ್ಟುವ ವರ್ಷಗಳಲ್ಲಿ ಸೋರುವ ಮೂಲೆಗೆ ಬಕೆಟ್ ಇಟ್ಟು, ಉದುರಿದ ಗಾರೆಗೆ ಕ್ಯಾಲೆಂಡರ್ ತೂಗುಹಾಕಿ, "ಸಾಲ ಮುಗಿಯಲಿ, ನೋಡೋಣ" ಎಂದು ಮುಂದೂಡಿದ ಒಂದೊಂದು ಕೆಲಸವೂ ಮನೆಗೆ ನೀವು ಉಳಿಸಿಕೊಂಡ ಬಾಕಿ. ಅದಕ್ಕೆ ಯಾರೂ ನೋಟಿಸು ಕಳಿಸುವುದಿಲ್ಲ, ಆದರೆ ಪ್ರತಿ ಮಳೆಗಾಲಕ್ಕೂ ಅದು ಬೆಳೆಯುತ್ತದೆ. ಆದ್ದರಿಂದ ನನ್ನ ಸಲಹೆಯೆಲ್ಲ ಒಂದೇ ನಿಲುವಿನ ಮೇಲಿದೆ: ಕಂತು ನಿಲ್ಲಿಸಬೇಡಿ, ಅದು ಹೋಗುವ ಖಾತೆಯನ್ನು ಮಾತ್ರ ಬದಲಿಸಿ.

ಅದಕ್ಕೂ ಮೊದಲು ಕಾಗದಪತ್ರ. ಸಾಲ ತೀರಿದ ಸಂತೋಷದಲ್ಲಿ ಇದನ್ನು ಮರೆತು, ಹತ್ತು ವರ್ಷದ ನಂತರ ಮಗಳ ಮದುವೆಗೋ ಆಸ್ತಿ ವಿಭಾಗಕ್ಕೋ ದಾಖಲೆ ಬೇಕಾದಾಗ ಪರದಾಡಿದವರನ್ನು ಕಂಡಿದ್ದೇನೆ. ಬ್ಯಾಂಕಿನಿಂದ ಋಣಮುಕ್ತ ಪತ್ರವನ್ನೂ, ನೀವು ಒಪ್ಪಿಸಿದ್ದ ಎಲ್ಲ ಮೂಲ ದಾಖಲೆಗಳನ್ನೂ ಪಟ್ಟಿಯೊಡನೆ ಪಡೆಯಿರಿ. ಸಾಲ ಪಡೆಯುವಾಗ ಬ್ಯಾಂಕು ಕೊಟ್ಟಿದ್ದ ಪಟ್ಟಿ ಇದ್ದರೆ ಅದರೊಂದಿಗೆ ತಾಳೆ ನೋಡಿ. ಭಾರತೀಯ ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರಿನಲ್ಲಿ ಹೊರಡಿಸಿ, ಅದೇ ವರ್ಷದ ಡಿಸೆಂಬರ್ 1ರಿಂದ ಜಾರಿಗೆ ತಂದ ನಿರ್ದೇಶನದ ಪ್ರಕಾರ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ದಾಖಲೆ ಕಳೆದುಹೋಗಿದ್ದರೆ ಅದರ ದೃಢೀಕೃತ ನಕಲು ಪಡೆಯಲು ನೆರವಾಗುವುದೂ, ಅದರ ವೆಚ್ಚ ಭರಿಸುವುದೂ ಬ್ಯಾಂಕಿನ ಹೊಣೆ. ನಿಮ್ಮ ಸಾಲ ನವೆಂಬರಿನಲ್ಲಿ ತೀರಿದೆ. ಈ ಗಡುವು ಈಗಲೇ ನಿಮ್ಮ ಮುಂದಿದೆ.

ಹಕ್ಕುಪತ್ರಗಳ ಠೇವಣಿಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ್ದರೆ ಅದರ ಬಿಡುಗಡೆಯನ್ನೂ ಅಲ್ಲಿ ನೋಂದಾಯಿಸಬೇಕು. ಅದಾದ ಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಮೂಲಕ ಋಣಭಾರ ಪ್ರಮಾಣಪತ್ರ ತೆಗೆಸಿ, ಬ್ಯಾಂಕಿನ ಭಾರದ ಬಿಡುಗಡೆ ಅದರಲ್ಲಿ ನಮೂದಾಗಿದೆಯೇ ಎಂದು ಕಣ್ಣಾರೆ ನೋಡಿ. ಎರಡು ತಿಂಗಳ ನಂತರ, ನಿಮ್ಮ ಸಾಲಗಳ ಇತಿಹಾಸ ತೋರಿಸುವ ಸಿಬಿಲ್ ವರದಿಯನ್ನೂ ತರಿಸಿಕೊಳ್ಳಿ. ವರ್ಷಕ್ಕೊಮ್ಮೆ ಅದು ಉಚಿತ. ಗೃಹಸಾಲದ ಮುಂದೆ ಖಾತೆ ಮುಕ್ತಾಯವಾಗಿದೆ ಎಂದಿರಬೇಕು.

ಇನ್ನು ಹಣ. ಪ್ರತಿ ತಿಂಗಳು ಕಂತು ಕಡಿತವಾಗುತ್ತಿದ್ದ ದಿನವೇ 15,000 ರೂಪಾಯಿ ಬೇರೊಂದು ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸ್ಥಾಯಿ ಸೂಚನೆ ಕೊಡಿ. ಈ ಖಾತೆಗೆ ಎಟಿಎಂ ಕಾರ್ಡ್ ಬೇಡ, ಫೋನಿನ ಯುಪಿಐಗೂ ಜೋಡಿಸಬೇಡಿ. ಕಂತು ಕಳೆದು ಉಳಿದ 39,000ದಲ್ಲಿ ಸಂಸಾರ ನಡೆಸಿದ ಅಭ್ಯಾಸ ನಿಮ್ಮಲ್ಲಿದೆ. ಆ ಅಭ್ಯಾಸ ಇನ್ನು ಮೂರೇ ತಿಂಗಳಲ್ಲಿ ಸಡಿಲವಾಗಬಲ್ಲದು: ಹೊಸ ಫೋನು, ಕಂತಿನ ಮೇಲೆ ಸೋಫಾ, ಸಂಬಂಧಿಕರ ಕೈಸಾಲ ಎಂದು ಹಣ ಹೋದ ದಾರಿ ತಿಳಿಯದೆ, ವರ್ಷದ ಕೊನೆಗೆ ಸಾಲವೂ ಇಲ್ಲ, ಉಳಿತಾಯವೂ ಇಲ್ಲ ಎಂಬ ಸ್ಥಿತಿಗೆ ಬಂದ ಮನೆಗಳು ಎಷ್ಟೋ ಇವೆ.

ರಿಪೇರಿಯ ವಿಚಾರದಲ್ಲಿ ಗುತ್ತಿಗೆದಾರರ ನಾಲ್ಕು ಲಕ್ಷದ ಅಂದಾಜನ್ನು ಸದ್ಯಕ್ಕೆ ಪಕ್ಕಕ್ಕಿಡಿ. ತಾರಸಿ ಮತ್ತು ಅಡುಗೆಮನೆಯ ಟೈಲ್ಸನ್ನು ಒಂದೇ ಮೊತ್ತದಲ್ಲಿ ಸೇರಿಸಿದ ಅಂದಾಜಿನಿಂದ ಯಾವುದು ತುರ್ತು ಎಂಬುದು ತಿಳಿಯುವುದೇ ಇಲ್ಲ.

ಮನೆಯ ತೊಂದರೆಗಳಲ್ಲಿ ನೀವು ಕೊನೆಯದಾಗಿ ಹೇಳಿದ, ಬಹುಶಃ ಚಿಕ್ಕದೆಂದು ಭಾವಿಸಿರುವ ಸಂಗತಿಯೇ ಎಲ್ಲಕ್ಕಿಂತ ಮೊದಲಿನದು. ಗೀಸರ್ ಹಾಕಿದಾಗ ನಲ್ಲಿ ಜುಮ್ಮೆನ್ನುತ್ತದೆ ಎಂದರೆ ಎಲ್ಲೋ ವಿದ್ಯುತ್ ಸೋರುತ್ತಿದೆ, ಭೂಸಂಪರ್ಕ (ಅರ್ಥಿಂಗ್) ಅದನ್ನು ನೆಲಕ್ಕೆ ಒಯ್ಯುತ್ತಿಲ್ಲ. ಇದು ಪ್ರಾಣಕ್ಕೆ ಅಪಾಯ. ಈ ಪತ್ರ ಓದಿದ ಕೂಡಲೇ ಗೀಸರಿನ ಬಳಕೆ ನಿಲ್ಲಿಸಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಅವರನ್ನು ಈ ವಾರವೇ ಕರೆಸಿ. ಗೀಸರಿನ ಕಾಯಿಲ್, ಮೂರು ಪಿನ್ನಿನ ಸಾಕೆಟ್, ಅರ್ಥಿಂಗ್ ಗುಂಡಿ ಮೂರನ್ನೂ ಪರೀಕ್ಷಿಸಲಿ. ಹಳೆಯ ಮನೆಗಳಲ್ಲಿ ಅರ್ಥಿಂಗ್ ತಂತಿ ಗುಂಡಿಯ ಬಳಿಯೇ ತುಕ್ಕು ಹಿಡಿದು ತುಂಡಾಗಿರುವುದು ಸಾಮಾನ್ಯ. ಮುಖ್ಯ ಫಲಕದಲ್ಲಿ 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಹಾಕಿಸಿ. ಮನೆಗಳಲ್ಲಿರುವ ಸಾಮಾನ್ಯ ಎಂಸಿಬಿ ಈ ಕೆಲಸ ಮಾಡುವುದಿಲ್ಲ, ಅದು ಹೆಚ್ಚು ಹೊರೆ ಬಿದ್ದಾಗಲೋ ಶಾರ್ಟ್ ಆದಾಗಲೋ ಮಾತ್ರ ಬೀಳುತ್ತದೆ. ಇದರ ಖರ್ಚನ್ನು 85,000ದಿಂದಲೇ ತೆಗೆಯಿರಿ, ಬೇರೆ ಯಾವುದಕ್ಕೂ ಅದನ್ನು ಮುಟ್ಟಬೇಡಿ.

ಅನಂತರ ನೀರು. ಸೂರಿನ ಕಲೆ, ಸಜ್ಜಾ, ಬಚ್ಚಲ ಗೋಡೆ ಮೂರೂ ನೀರಿನ ಕೆಲಸವೇ, ಆದರೆ ನೀರು ಬರುವ ದಾರಿ ಬೇರೆ ಬೇರೆ. ಮೂರರಲ್ಲಿ ಸಜ್ಜಾ ತುರ್ತಿನದು. ಕಾಂಕ್ರೀಟಿನ ಒಳಗಿನ ಕಂಬಿಗೆ ನೀರು ಮತ್ತು ಗಾಳಿ ತಾಗಿ ತುಕ್ಕು ಹಿಡಿದಾಗ, ಆ ತುಕ್ಕು ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದ ಹಾಗೆ ಉಬ್ಬಿದಾಗ ಕಾಂಕ್ರೀಟ್ ಸೀಳಿ ಉದುರುತ್ತದೆ, ಸೀಳಿನಲ್ಲಿ ಇನ್ನಷ್ಟು ನೀರು ಇಳಿಯುತ್ತದೆ. ಕೆಳಗೆ ಮಕ್ಕಳು ಓಡಾಡುವ ಜಾಗವಾದರೆ ಇಂದೇ ಅಲ್ಲಿಗೆ ಅಡ್ಡ ಕಟ್ಟಿ. ಉದುರಿದ ಜಾಗಕ್ಕೆ ಬರೀ ಸಿಮೆಂಟ್ ಗಾರೆ ಮೆತ್ತಿ ಹೋಗುವ ಮೇಸ್ತ್ರಿಗಳು ಬಹಳ. ಹಾಗೆ ಮೆತ್ತಿದ್ದು ಎರಡು ಮಳೆಗಾಲವೂ ನಿಲ್ಲುವುದಿಲ್ಲ, ಏಕೆಂದರೆ ಒಳಗಿನ ತುಕ್ಕು ಹಾಗೆಯೇ ಇರುತ್ತದೆ. ಸಡಿಲ ಕಾಂಕ್ರೀಟನ್ನು ಗಟ್ಟಿ ಭಾಗ ಸಿಗುವವರೆಗೆ, ಕಂಬಿಯ ಹಿಂಬದಿಯೂ ಕಾಣುವಂತೆ ಒಡೆದು, ತಂತಿ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿ, ತುಕ್ಕು ನಿರೋಧಕ ಲೇಪ ಹಚ್ಚಿ, ಹಳೆಯ ಕಾಂಕ್ರೀಟಿಗೆ ಹೊಸತು ಅಂಟುವಂತೆ ಅಂಟುದ್ರವ ಬಳಿದು, ಪಾಲಿಮರ್ ಬೆರೆಸಿದ ಗಾರೆಯನ್ನು ಪದರ ಪದರವಾಗಿ ತುಂಬಿಸಬೇಕು. ಕಂಬಿ ತುಂಬ ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟಬೇಕೇ ಎಂಬುದನ್ನು ಸಿವಿಲ್ ಇಂಜಿನಿಯರ್ ಒಬ್ಬರು ಬಂದು ಹೇಳಲಿ. ಒಂದು ಭೇಟಿಗೆ ಅವರಿಗೆ ಕೊಡುವ ಶುಲ್ಕ ಈ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕ ಖರ್ಚು.

ಅವರು ಬರುವ ಮುನ್ನ ನೀವೇ ಒಂದು ಪರೀಕ್ಷೆ ಮಾಡಿಡಿ. ಏಣಿ ಹತ್ತಿ, ಸುತ್ತಿಗೆಯ ಮರದ ಹಿಡಿಕೆಯಿಂದ ಸೂರಿನ ಕೆಳಮೈಯನ್ನು ಅಂಗೈಯಷ್ಟು ಅಂತರದಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿಯಿದ್ದಲ್ಲಿ ಕಲ್ಲಿಗೆ ಬಡಿದಂತೆ ಟಣ್ಣೆನ್ನುವ ಬಿಗಿ ಸದ್ದು ಬರುತ್ತದೆ. ಒಳಗೆ ಬಿಟ್ಟುಕೊಂಡಲ್ಲಿ ಹಳೆಯ ಹಲಗೆ ಬಡಿದಂತೆ ಡಬ್ ಎಂಬ ಪೊಳ್ಳು ಸದ್ದು. ಪೊಳ್ಳು ಕೇಳಿದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಫೋಟೊ ತೆಗೆದಿಡಿ. ಕೆಲಸದವರು ಎಷ್ಟು ಚದರಡಿ ಒಡೆದರು ಎಂಬ ಲೆಕ್ಕಕ್ಕೂ ಇದೇ ಆಧಾರವಾಗುತ್ತದೆ.

ತಾರಸಿಯಲ್ಲಿ ನೀರು ಇಳಿಯುವುದು ಹೆಚ್ಚಾಗಿ ನಡುವಿನಲ್ಲಲ್ಲ, ಅಂಚಿನಲ್ಲಿ: ಪ್ಯಾರಾಪೆಟ್ ಗೋಡೆಯೂ ತಾರಸಿಯೂ ಕೂಡುವ ಮೂಲೆ, ಮಳೆನೀರಿನ ಪೈಪಿನ ಬಾಯಿ, ಟ್ಯಾಂಕಿನ ಪೈಪು ತೂರಿದ ರಂಧ್ರ. ನಿಮ್ಮ ಕಲೆಯೂ ಮೂಲೆಯಲ್ಲೇ ಇದೆ. ಆ ಮೂಲೆಗೆ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಪೈಪಿನ ಬಾಯಿ ಮುಚ್ಚಿ, ಎರಡು ಮೂರು ಅಂಗುಲ ನೀರು ನಿಲ್ಲಿಸಿ ಎರಡು ದಿನ ಬಿಟ್ಟು ನೋಡಿ. ಕೆಳಗೆ ಕಲೆ ಒದ್ದೆಯಾದರೆ ನೀರಿನ ದಾರಿ ಸಿಕ್ಕಿತು. ಆಗದಿದ್ದರೆ ಕಟ್ಟೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ನೋಡಿ. ಕಾಂಕ್ರೀಟ್ ಉದುರುತ್ತಿರುವ ಸಜ್ಜಾದ ಮೇಲೆ ಮಾತ್ರ ಈ ಪರೀಕ್ಷೆ ಬೇಡ. ಇಡೀ ತಾರಸಿಗೆ ದುಬಾರಿ ಲೇಪ ಹಚ್ಚಿಸಿದರೂ ಸೋರುವುದು ನಿಲ್ಲದೇ ಹೋಗುವುದು ಈ ಮೂಲೆಗಳನ್ನು ಬಿಟ್ಟಾಗಲೇ. ಮೂಲೆಯನ್ನು ಕೆತ್ತಿ, ಗಾರೆಯಿಂದ ಕೋನ ಮುರಿದು ದುಂಡಗೆ ಮಾಡಿ, ಜಾಲರಿ ಬಟ್ಟೆ ಕೂರಿಸಿ, ಲೇಪವನ್ನು ಪ್ಯಾರಾಪೆಟ್‌ನ ಮೇಲೆ ಒಂದಡಿಯಷ್ಟು ಏರಿಸಬೇಕು. ನೀರು ಪೈಪಿನ ಕಡೆಗೆ ಓಡುವಂತೆ ವಾಟ ಸರಿಯಿದೆಯೇ ಎಂಬುದನ್ನೂ ಆಗಲೇ ನೋಡಿಸಿ.

ಬಚ್ಚಲ ಪಕ್ಕದ ಗೋಡೆಗೆ ಇಷ್ಟು ಅವಸರವಿಲ್ಲ, ಮೊದಲು ಕಾರಣ ತಿಳಿಯಲಿ. ರಾತ್ರಿ ಮಲಗುವ ಮುನ್ನ ಎಲ್ಲ ನಲ್ಲಿ ಮುಚ್ಚಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಪೈಪಿನಲ್ಲಿ ಸೋರಿಕೆ. ಇಳಿಯದಿದ್ದರೆ ನೆಲದ ಟೈಲ್ಸ್ ಸಂದಿನಿಂದಲೋ ಕೊಳಚೆ ನೀರಿನ ಪೈಪಿನಿಂದಲೋ ಇಳಿಯುತ್ತಿದೆ. ಜಂಬಿಟ್ಟಿಗೆ ನೀರು ಹೀರುವ ಕಲ್ಲು, ಒಮ್ಮೆ ನೆನೆದರೆ ಒಣಗಲು ತಿಂಗಳುಗಳೇ ಬೇಕು. ಕಾರಣ ಸರಿಪಡಿಸಿದ ಮೇಲೆ ಉದುರುವ ಗಾರೆ ಕೆರೆದು, ಗೋಡೆಯನ್ನು ಬೇಸಿಗೆಯಿಡೀ ಬರಿಮೈಯಲ್ಲಿ ಒಣಗಲು ಬಿಡಿ. ನೋಡಲು ಚೆನ್ನಾಗಿರುವುದಿಲ್ಲ, ಆದರೂ ಬಿಡಿ.

ಈ ಕೆಲಸಗಳಿಗೆ ಸರಿಯಾದ ಕಾಲ ಫೆಬ್ರವರಿಯ ಕೊನೆಯಿಂದ ಮಾರ್ಚ್. ಕಾಂಕ್ರೀಟ್ ಒಣಗಿರುತ್ತದೆ, ಏಪ್ರಿಲ್–ಮೇ ತಿಂಗಳ ಅಡ್ಡಮಳೆಗೆ ಇನ್ನೂ ಸಮಯವಿರುತ್ತದೆ. ಮೇ ತಿಂಗಳಲ್ಲಿ ಊರಿನವರೆಲ್ಲ ಒಟ್ಟಿಗೆ ಮೇಸ್ತ್ರಿಗಳನ್ನು ಹುಡುಕುವಾಗ ಕೂಲಿಯೂ ಏರಿರುತ್ತದೆ, ಅವಸರದ ಕೆಲಸವೂ ಆಗುತ್ತದೆ. ನಿಮ್ಮ ಕಂತಿನ ಹಣವೂ ಇದಕ್ಕೆ ಹೊಂದಿಕೊಳ್ಳುತ್ತದೆ: ಡಿಸೆಂಬರಿನಿಂದ ಮಾರ್ಚ್‌ವರೆಗೆ ನಾಲ್ಕು ಕಂತು, 60,000. ಸಜ್ಜಾ ಮತ್ತು ತಾರಸಿಯ ಅಂಚು ಇಷ್ಟರಲ್ಲಿ ಆಗಲಿ. ಪೂರ್ತಿ ತಾರಸಿಗೆ ಲೇಪ ಬೇಕೆಂದಾಗಿ ಹಣ ಸಾಲದೆ ಬಂದರೆ, ಅದನ್ನು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಬಹುದು. ಸಜ್ಜಾವನ್ನು ಮಾತ್ರ ಮುಂದೂಡಬಾರದು.

ಕೆಲಸ ಒಪ್ಪಿಸುವಾಗ ಬಾಯಿಮಾತು ಬೇಡ. ಎಷ್ಟು ಚದರಡಿ, ಯಾವ ಸಾಮಗ್ರಿ, ಎಷ್ಟು ಪದರ, ಒಡೆದ ಕಸ ಸಾಗಿಸುವುದು ಯಾರು ಎಂಬುದೆಲ್ಲ ಒಂದು ಹಾಳೆಯಲ್ಲಿರಲಿ. ಲೇಪದ ಡಬ್ಬಗಳನ್ನು ನಿಮ್ಮೆದುರೇ ತೆರೆಯಲಿ. ಮುಂಗಡ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡಬೇಡಿ, ಕೊನೆಯ ಒಂದಿಷ್ಟು ಹಣವನ್ನು ಕೆಲಸ ಮುಗಿದು ನೀರು ನಿಲ್ಲಿಸಿ ಪರೀಕ್ಷಿಸಿದ ನಂತರವೇ ಕೊಡಿ.

ಮಲೆನಾಡಿನಲ್ಲಿ ಈಗ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು ರೂಢಿ, ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಮ್ಮೂರಿನ ಮಳೆಗೆ ಅದು ಒಳ್ಳೆಯ ರಕ್ಷಣೆ, ಬಟ್ಟೆಯೋ ಅಡಕೆಯೋ ಒಣಗಿಸಲು ಜಾಗವೂ ಆಗುತ್ತದೆ. ಆದರೆ ಶೀಟು ಬಂದರೂ ತುಕ್ಕು ಹಿಡಿದ ಸಜ್ಜಾ ತಾನಾಗಿ ಸರಿಯಾಗದು. ಸಜ್ಜಾ ದುರಸ್ತಿಯಾದ ಮೇಲೆ, ಎರಡನೆಯ ವರ್ಷದ ಹಣದಲ್ಲಿ ಅದನ್ನು ಯೋಚಿಸಿ.

ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ಕಂತು ಮಗಳಿಗೆ. ಸಿಇಟಿ ಬರೆದು ಯಾವ ಕೋರ್ಸಿಗೆ ಸೇರಿದರೂ ಶುಲ್ಕ, ಹಾಸ್ಟೆಲ್, ಪುಸ್ತಕ ಎಲ್ಲವೂ ಕೆಲವೇ ವಾರಗಳಲ್ಲಿ ಒಟ್ಟಿಗೆ ಬರುತ್ತವೆ. ರಿಪೇರಿಯ ಹುರುಪಿನಲ್ಲಿ ಈ ಹಣ ಖರ್ಚಾಗಿ, ಪ್ರವೇಶದ ಹೊತ್ತಿಗೆ ಒಡವೆ ಅಡವಿಡುವಂತಾದರೆ ನೀವು ಪಟ್ಟ ಶ್ರಮವೆಲ್ಲ ಹಿಂದಕ್ಕೆ ಹೋಗುತ್ತದೆ. ಶುಲ್ಕ ಇದಕ್ಕಿಂತ ದೊಡ್ಡದಾದರೆ ಬ್ಯಾಂಕಿನ ವಿದ್ಯಾಭ್ಯಾಸ ಸಾಲವೇ ಸರಿಯಾದ ದಾರಿ. ಮತ್ತೆ ಸಾಲವೇ ಎಂದು ಕುಗ್ಗಬೇಡಿ, ಓದು ಮುಗಿದ ಮೇಲೆ ತೀರಿಸಲೆಂದೇ ಇರುವ ಸಾಲ ಅದು.

ಆಗಸ್ಟ್‌ನಿಂದ 15,000ವನ್ನು ಹೀಗೆ ಹಂಚಿ: 6,000 ಆಪತ್ತಿನ ನಿಧಿಗೆ, 5,000 ಮನೆಯ ನಿಧಿಗೆ, 3,000 ದೂರದ ಉಳಿತಾಯಕ್ಕೆ, 1,000 ನಿಮ್ಮ ನಾಲ್ವರ ಸಂತೋಷಕ್ಕೆ. ಕೊನೆಯದನ್ನು ಬಿಟ್ಟುಬಿಡಬೇಡಿ. ಇಷ್ಟು ವರ್ಷ ಬೇಡ ಬೇಡ ಎಂದುಕೊಂಡೇ ಬೆಳೆದ ಮಕ್ಕಳಿಗೆ ಸಾಲ ತೀರಿದ್ದು ಅನುಭವಕ್ಕೆ ಬರಬೇಕು. ಆಪತ್ತಿನ ನಿಧಿ ನಾಲ್ಕು ತಿಂಗಳ ಖರ್ಚಿನಷ್ಟು, ಅಂದರೆ 1,56,000 ಇರಲಿ. ಈಗಿನ 85,000ಕ್ಕೆ ತಿಂಗಳಿಗೆ 6,000 ಸೇರಿಸಿದರೆ ಒಂದು ವರ್ಷದಲ್ಲಿ ಅಲ್ಲಿಗೆ ಮುಟ್ಟುತ್ತೀರಿ, ಎಲೆಕ್ಟ್ರಿಷಿಯನ್‌ಗೆ ಕೊಟ್ಟ ಹಣ ತುಂಬಲು ಇನ್ನೊಂದೆರಡು ತಿಂಗಳು ಬೇಕಾದೀತು. ಇದರಲ್ಲಿ ಒಂದು ಭಾಗ ಉಳಿತಾಯ ಖಾತೆಯಲ್ಲಿರಲಿ, ಉಳಿದದ್ದನ್ನು ಒಂದೇ ದೊಡ್ಡ ಠೇವಣಿ ಮಾಡದೆ 25,000ದ ತುಂಡುಗಳಾಗಿ ನಿಶ್ಚಿತ ಠೇವಣಿ ಇಡಿ. ಅಗತ್ಯ ಬಿದ್ದಾಗ ಒಂದನ್ನು ಮುರಿದರೆ ಸಾಕು, ಮಿಕ್ಕವುಗಳ ಬಡ್ಡಿ ಹಾಗೆಯೇ ಉಳಿಯುತ್ತದೆ. ಮನೆಯ ನಿಧಿಗೆ ಬ್ಯಾಂಕಿನ ಹನ್ನೆರಡು ತಿಂಗಳ ಆವರ್ತಕ ಠೇವಣಿ (ಆರ್‌ಡಿ) ಸಾಕು. ಅಂಚೆ ಕಚೇರಿಯದು ಐದು ವರ್ಷದ್ದು, ಪ್ರತಿ ಬೇಸಿಗೆಗೆ ಹಣ ಬೇಕಾಗುವ ಈ ಕೆಲಸಕ್ಕೆ ಅದು ಹೊಂದುವುದಿಲ್ಲ. ದೂರದ ಉಳಿತಾಯಕ್ಕೆ ಪಿಪಿಎಫ್ (ಸಾರ್ವಜನಿಕ ಭವಿಷ್ಯನಿಧಿ) ಸೂಕ್ತ: ಅವಧಿ 15 ವರ್ಷ, ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಿದರೂ ಖಾತೆ ಜೀವಂತವಾಗಿರುತ್ತದೆ, ಏಳನೆಯ ಆರ್ಥಿಕ ವರ್ಷದಿಂದ ಭಾಗಶಃ ಹಣ ತೆಗೆಯಬಹುದು. ಖಾತೆ ನಿಮ್ಮ ಹೆಸರಿನಲ್ಲಿರಲಿ. ಹೊಲಿಗೆಯ ದುಡಿಮೆಗೆ ಭವಿಷ್ಯನಿಧಿ ಎಂಬುದಿಲ್ಲ, ಇದೇ ನಿಮಗೆ ಆ ಆಸರೆ.

ಪತ್ತಿನ ಸಂಘದ ಠೇವಣಿಯ ಬಗ್ಗೆ ಖಚಿತವಾಗಿ ಹೇಳುತ್ತೇನೆ: ಬೇಡ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ, ಪ್ರತಿ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಅದು 1 ಲಕ್ಷ ಇತ್ತು. ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ಸಂಘ ನಡೆಸುವವರು ಪ್ರಾಮಾಣಿಕರೇ ಇರಬಹುದು, ಆದರೆ ಸಂಘ ಮುಗ್ಗರಿಸಿದ ದಿನ ನಿಮ್ಮ ಹಣಕ್ಕೆ ಆಸರೆ ಇರುವುದಿಲ್ಲ. ಆಪತ್ತಿಗೆಂದು ಇಟ್ಟ ಹಣವನ್ನು ಬಡ್ಡಿಯ ಆಸೆಗೆ ಒಡ್ಡಬಾರದು.

ಇನ್ನೊಂದು ಸಂಗತಿ ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ಕೇಳಲೇಬೇಕು. ಗೃಹಸಾಲದೊಂದಿಗೆ ಬ್ಯಾಂಕು ಮಾಡಿಸಿದ್ದ ಮನೆಯ ವಿಮೆಯಾಗಲೀ, ಸಾಲಗಾರರ ಜೀವವಿಮೆಯಾಗಲೀ ಇದ್ದರೆ, ಸಾಲ ತೀರಿದ ಮೇಲೆ ಅವು ಮುಂದುವರಿಯುತ್ತವೆಯೇ? ಅನೇಕರಿಗೆ ಅದು ನಿಂತುಹೋದದ್ದೇ ತಿಳಿದಿರುವುದಿಲ್ಲ. ಮನೆಗೆ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿ 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಸಿಗುತ್ತದೆ. ಬೆಂಕಿ, ಪ್ರವಾಹ, ಬಿರುಗಾಳಿ, ಭೂಕುಸಿತಗಳ ಹಾನಿ ಅದರಲ್ಲಿ ಸೇರಿದೆ. ವರ್ಷಗಳಿಂದ ಸೋರಿ ಹಾಳಾದ ಸಜ್ಜಾಕ್ಕೆ ಅದು ಹಣ ಕೊಡುವುದಿಲ್ಲ. ನಿಮ್ಮ ಯಜಮಾನರ ಹೆಸರಿಗೆ ಅವಧಿ ವಿಮೆ (ಟರ್ಮ್ ಇನ್ಶೂರೆನ್ಸ್) ಇಲ್ಲದಿದ್ದರೆ, ಮಗ ದುಡಿಯುವವರೆಗಿನ ಹತ್ತು ಹನ್ನೆರಡು ವರ್ಷಕ್ಕಾದರೂ ಮಾಡಿಸಿ. ಕನಿಷ್ಠಪಕ್ಷ ಬ್ಯಾಂಕ್ ಖಾತೆಯಿಂದಲೇ ಕಡಿತವಾಗುವ, ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತ ವಿಮೆಯನ್ನು ಇಬ್ಬರೂ ಮಾಡಿಸಿಕೊಳ್ಳಿ; ಅದರ ಮೊತ್ತ 2 ಲಕ್ಷ.

ಮೇಲಂತಸ್ತಿನ ಮಾತು ನಿಮ್ಮ ಮೈದುನ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಒಂದಂತಸ್ತಿಗೆಂದು ಹಾಕಿದ ತಳಪಾಯ ಇನ್ನೊಂದನ್ನು ಹೊರುತ್ತದೆಯೇ ಎಂದು ತಿಳಿಯದೆ, ಸಜ್ಜಾದ ಕಂಬಿ ತುಕ್ಕು ಹಿಡಿದಿರುವ ಮನೆಯ ಮೇಲೆ ಹೊರೆ ಹೇರುವುದು ತಪ್ಪು. ಮಗಳ ಓದು ಆರಂಭವಾಗುವ ವರ್ಷದಲ್ಲಿ ಹೊಸ ಕಂತನ್ನು ತಲೆಯ ಮೇಲೆ ಎಳೆದುಕೊಳ್ಳುವುದೂ ತಪ್ಪು. ಈಗ ಬೇಡ ಎಂದು ಅವರಿಗೆ ನೇರವಾಗಿ ಹೇಳಿ.

ಬಣ್ಣ, ಟೈಲ್ಸ್, ಅಡುಗೆಮನೆ ಕೊನೆಗೆ. ನನ್ನ ಮನೆಯಲ್ಲಿಯೇ ಒಮ್ಮೆ ಹಬ್ಬದ ಅವಸರಕ್ಕೆ ಒದ್ದೆ ಗೋಡೆಗೆ ಬಣ್ಣ ಹೊಡೆಸಿ, ಮುಂದಿನ ಆಗಸ್ಟ್‌ನಲ್ಲಿ ಆ ಬಣ್ಣ ಹಪ್ಪಳದಂತೆ ಉಬ್ಬಿ ಕೈಗೆ ಬಂದದ್ದನ್ನು ಕಂಡಿದ್ದೇನೆ. ಇಡೀ ಕೋಣೆಯನ್ನು ಮತ್ತೆ ಕೆರೆಸಬೇಕಾಯಿತು. ಮಾರ್ಚ್‌ನಲ್ಲಿ ಮಾಡಿಸಿದ ದುರಸ್ತಿ ಒಂದು ಪೂರ್ತಿ ಮಳೆಗಾಲ ತಡೆಯುವುದನ್ನು ನೋಡಿ. ಆಷಾಢ ಶ್ರಾವಣಗಳ ಮಳೆಯಲ್ಲಿ ಹಾಲಿನ ಮೂಲೆಯ ಹಳೆಯ ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿಡಿ. ಗೆರೆ ದಾಟಿ ಕಲೆ ಹರಡದಿದ್ದರೆ, ಅದರ ಮುಂದಿನ ಬೇಸಿಗೆಗೆ ಬಣ್ಣದವರನ್ನು ಕರೆಸಿ.